ಪಡಸಾಲೆಯ ಅಳತೆಗೆ ತಕ್ಕ ಸ್ಪೀಕರು

ಹೊಸದಾಗಿ ಕಟ್ಟಿಸಿದ ಮನೆಗೆ ಸಾಮಾನು ಬರುವ ಮೊದಲು, ಬರಿದಾದ ಕೋಣೆಯ ನಡುವೆ ನಿಂತು ಎಂದಾದರೂ ಚಪ್ಪಾಳೆ ತಟ್ಟಿ ನೋಡಿದ್ದೀರಾ? ಸದ್ದು ಅಲ್ಲಿಗೇ ನಿಲ್ಲುವುದಿಲ್ಲ. ‘ಝಂಯ್’ ಎಂದು ಎರಡು ಮೂರು ಸೆಕೆಂಡು ಕೋಣೆಯೊಳಗೇ ಸುತ್ತಾಡುತ್ತದೆ. ಇದೇ ಪ್ರಯೋಗವನ್ನು ಬೆಟಗೇರಿಯ ಹಳೆಯ ನೇಕಾರರ ಮನೆಯೊಂದರಲ್ಲಿ ಮಾಡಿ. ಮಗ್ಗ, ನೂಲಿನ ಲಡಿಗಳು, ಮಡಿಚಿಟ್ಟ ಸೀರೆಗಳು, ಮೂಲೆಯಲ್ಲಿ ಒಟ್ಟಿದ ಕೌದಿಗಳು. ಚಪ್ಪಾಳೆ ‘ಟಪ್’ ಎಂದು ಅಲ್ಲೇ ಮುಗಿದುಹೋಗುತ್ತದೆ. ತಟ್ಟಿದ ಕೈಗಳು ಅವೇ. ಬದಲಾದದ್ದು ಕೋಣೆ ಮಾತ್ರ.

ಚಪ್ಪಾಳೆಗೆ ಆದದ್ದೇ ಹಾಡಿಗೂ ಆಗುತ್ತದೆ. ಆದ್ದರಿಂದ ಸ್ಪೀಕರು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಅಳತೆಪಟ್ಟಿ ಹಿಡಿದು ತಮ್ಮ ಕೋಣೆಯನ್ನು ಅಳೆಯುವುದು ಲೇಸು. ಏಕೆಂಬುದನ್ನು ನೋಡೋಣ. ಇದಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಪೈಥಾಗೊರಸನ ಪ್ರಮೇಯ ಸಾಕು.

ಗದಗ ಸೀಮೆಯಲ್ಲಿ ಈ ವಿಷಯ ಎತ್ತುವುದಕ್ಕೆ ಕಾರಣವಿದೆ. ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡಮಕ್ಕಳಿಗೂ ಸಂಗೀತ ಕಲಿಸಿದ ಊರು ಇದು. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಾಲ್ಯವೂ ಇದೇ ಸೀಮೆಯದು. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮರುಳಾದ ಹುಡುಗ ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟು ಹೊರಟ ಕತೆ ನಿಮಗೆ ಗೊತ್ತಿದ್ದೀತು. ಆ ಕಾಲದ ಗ್ರಾಮಫೋನಿನ ತುತ್ತೂರಿಯಲ್ಲಿ ಮಂದ್ರದ ಕೆಳಭಾಗ ಬರುತ್ತಲೇ ಇರಲಿಲ್ಲ ಎನ್ನಬಹುದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ನೀವು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಶಿಕ್ಷಕರು. ಮಕ್ಕಳ ಮದುವೆ ಮುಗಿದಿದೆ. ಮುಂಡರಗಿಯಲ್ಲೋ ಲಕ್ಷ್ಮೇಶ್ವರದಲ್ಲೋ ಹೊಸ ಬಡಾವಣೆಯಲ್ಲಿ ಕಾಂಕ್ರೀಟು ಮನೆ ಕಟ್ಟಿಸಿದ್ದೀರಿ. ಉಳಿದ ದುಡ್ಡಿನಲ್ಲಿ ಒಂದೇ ಒಂದು ಆಸೆ: ಒಳ್ಳೆಯ ಸ್ಪೀಕರಿನಲ್ಲಿ ಮನಸಾರೆ ಹಾಡು ಕೇಳಬೇಕು. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ನೋಡುತ್ತೀರಿ. ನೆಲದ ಮೇಲೆ ನಿಲ್ಲುವ, ಎದೆಯೆತ್ತರದ ಜೋಡಿ ಗೋಪುರಗಳು. ಒಂದೊಂದರಲ್ಲೂ 8 ಇಂಚಿನ ಎರಡು ವೂಫರು. ಕೆಳಗೆ 28 ಹರ್ಟ್ಸ್‌ವರೆಗೂ ಇಳಿಯುತ್ತವೆ ಎಂದು ಪಟ್ಟಿಯಲ್ಲಿ ಬರೆದಿದೆ. ಬೆಲೆ ಲಕ್ಷಗಳಲ್ಲಿ. ಅಂಗಡಿಯ ಕೇಳುವ ಕೋಣೆ ದೊಡ್ಡದು, ಗೋಡೆಗೆ ದಪ್ಪ ಪರದೆ, ನೆಲಕ್ಕೆ ರತ್ನಗಂಬಳಿ. ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿ ಕೇಳಿಸುತ್ತದೆ. ಅದನ್ನೇ ತಂದು ಮನೆಯ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯಲ್ಲಿ ಇಟ್ಟರೆ? ತಬಲಾದ ಡಗ್ಗ ‘ಗುಂಯ್’ ಎಂದು ಕೋಣೆ ತುಂಬುತ್ತದೆ, ಗಾಯಕನ ಮಾತು ಅದರಲ್ಲಿ ಮುಳುಗುತ್ತದೆ. ಸ್ಪೀಕರು ಕೆಟ್ಟಿಲ್ಲ. ಮತ್ತೆ ತಪ್ಪಿರುವುದು ಎಲ್ಲಿ?

ಎದುರುಬದುರು ಗೋಡೆಗಳ ನಡುವೆ

ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಅಲುಗಿಸುವ ಪ್ರಯೋಗವನ್ನು ನೀವು ತರಗತಿಯಲ್ಲಿ ಮಾಡಿಸಿರುತ್ತೀರಿ. ಒಂದು ಗೊತ್ತಾದ ಲಯದಲ್ಲಿ ಅಲುಗಿಸಿದಾಗ ಮಾತ್ರ ಹಗ್ಗ ನಿಂತಲ್ಲೇ ಉಬ್ಬಿ ಕುಗ್ಗುತ್ತದೆ. ಅದು ಸ್ಥಿರ ತರಂಗ. ಎದುರುಬದುರಾದ ಎರಡು ಗೋಡೆಗಳ ನಡುವಿನ ಗಾಳಿಯೂ ಹೀಗೆಯೇ ನಡೆದುಕೊಳ್ಳುತ್ತದೆ. ಗೋಡೆಗಳ ನಡುವಿನ ದೂರ ಅರ್ಧ ತರಂಗದೂರಕ್ಕೆ ಸಮವಾದಾಗ ಮೊದಲ ಅನುನಾದ. ಶಬ್ದದ ವೇಗವನ್ನು ಆ ದೂರದ ಎರಡರಷ್ಟರಿಂದ ಭಾಗಿಸಿದರೆ ಅನುನಾದದ ಆವೃತ್ತಿ ಸಿಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರು.

ನಿಮ್ಮ ಕೋಣೆಯ 12 ಅಡಿ ಎಂದರೆ 3.66 ಮೀಟರು. 346ನ್ನು 7.32ರಿಂದ ಭಾಗಿಸಿ: 47.3 ಹರ್ಟ್ಸ್. ಅಗಲ 10 ಅಡಿ, ಅಂದರೆ 3.05 ಮೀಟರು: 56.7 ಹರ್ಟ್ಸ್. ಇನ್ನು ಎತ್ತರ. ನಮ್ಮ ಕಡೆಯ ಕಾಂಕ್ರೀಟು ಮನೆಗಳಲ್ಲಿ ಛಾವಣಿಯನ್ನು 10 ಅಡಿಗೆ ಹಾಕಿಸುವುದು ರೂಢಿ. ಅದೂ 56.7 ಹರ್ಟ್ಸ್! ಅಗಲವೂ ಎತ್ತರವೂ ಒಂದೇ ಆದ್ದರಿಂದ ಎರಡು ಅನುನಾದಗಳು ಒಂದರ ಮೇಲೊಂದು ಕುಳಿತಿವೆ.

ಅಲೆಗಳು ನೇರವಾಗಿ ಮಾತ್ರ ಓಡಾಡುವುದಿಲ್ಲ, ಎರಡು ಜೊತೆ ಗೋಡೆಗಳಿಗೆ ಬಡಿಯುತ್ತ ಓರೆಯಾಗಿಯೂ ಸುತ್ತುತ್ತವೆ. ಇಂಥ ಅನುನಾದದ ಆವೃತ್ತಿಗೆ ಪೈಥಾಗೊರಸ್ ಬೇಕು. 47.3ರ ವರ್ಗ ಮತ್ತು 56.7ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 73.8 ಹರ್ಟ್ಸ್. ಇದೂ ಎರಡು ಬಾರಿ ಬರುತ್ತದೆ, ಒಮ್ಮೆ ಅಗಲದೊಂದಿಗೆ, ಇನ್ನೊಮ್ಮೆ ಎತ್ತರದೊಂದಿಗೆ. ಹೀಗೆ 80 ಹರ್ಟ್ಸ್‌ಗಿಂತ ಕೆಳಗೆ ಈ ಕೋಣೆಯಲ್ಲಿ ಐದು ಅನುನಾದಗಳಿದ್ದರೂ ಅವು ನಿಂತಿರುವುದು ಮೂರೇ ಜಾಗದಲ್ಲಿ: 47.3, 56.7 ಮತ್ತು 73.8. ಅವುಗಳ ಮೇಲೆ ಬಿದ್ದ ಸ್ವರ ಉಬ್ಬುತ್ತದೆ, ನಡುವೆ ಬಿದ್ದ ಸ್ವರ ಸೊರಗುತ್ತದೆ.

ಇದನ್ನು ಸಂಗೀತಕ್ಕೆ ಹೊಂದಿಸಿ ನೋಡಿ. ಗಾಯಕ ಹಾರ್ಮೋನಿಯಮ್ಮಿನ ಕರಿ ಒಂದನ್ನು ಷಡ್ಜವಾಗಿ ಇಟ್ಟುಕೊಂಡರೆ ಅದು 138.6 ಹರ್ಟ್ಸ್. ತಂಬೂರಿಯ ಕೊನೆಯ ತಂತಿ, ಅಂದರೆ ಖರಜ, ಇದರ ಅರ್ಧ: 69.3 ಹರ್ಟ್ಸ್. ಇದು ನಿಮ್ಮ ಕೋಣೆಯ ಯಾವ ಅನುನಾದದ ಮೇಲೂ ಬೀಳುವುದಿಲ್ಲ. ಇನ್ನೊಬ್ಬ ಗಾಯಕ ಅರ್ಧ ಸ್ವರ ಮೇಲೆ, ಬಿಳಿ ಎರಡರಲ್ಲಿ ಹಾಡುತ್ತಾನೆ ಎನ್ನಿ. ಅವನ ಖರಜ 73.4 ಹರ್ಟ್ಸ್, ಕೋಣೆಯ ಅನುನಾದ 73.8. ಒಂದು ತಟ್ಟೆಯಲ್ಲಿ ತಂಬೂರಿ ಮೆಲ್ಲಗೆ ಹರಿಯುತ್ತದೆ, ಇನ್ನೊಂದರಲ್ಲಿ ದುಂಬಿಯಂತೆ ಗುಂಯ್‌ಗುಡುತ್ತದೆ. ಮುದ್ರಿಸಿದವರನ್ನು ಬಯ್ದು ಪ್ರಯೋಜನವಿಲ್ಲ. (ಗದಗಿನ ಬೇಸಿಗೆಯ 40 ಡಿಗ್ರಿಯಲ್ಲಿ ಶಬ್ದದ ವೇಗ ಸುಮಾರು 355 ಮೀಟರಿಗೆ ಏರಿ 73.8 ಎಂಬುದು 75.6 ಆಗುತ್ತದೆ! ಏಪ್ರಿಲ್ ಮಧ್ಯಾಹ್ನಕ್ಕಿಂತ ಜನವರಿಯ ರಾತ್ರಿ ಈ ತಂಬೂರಿ ಹೆಚ್ಚು ಗುಂಯ್‌ಗುಟ್ಟೀತು. ಮಕ್ಕಳಿಗೆ ಲೆಕ್ಕ ಕೊಡಲು ಚೆನ್ನಾಗಿದೆ.)

ಈಗ ಅದೇ ಮನೆಯ 13 ಅಡಿ ಅಗಲ, 18 ಅಡಿ ಉದ್ದದ ಪಡಸಾಲೆಯನ್ನು ತೆಗೆದುಕೊಳ್ಳಿ. ಎತ್ತರ ಅದೇ 10 ಅಡಿ. ಲೆಕ್ಕ ಹಾಕಿದರೆ 80 ಹರ್ಟ್ಸ್‌ಗಿಂತ ಕೆಳಗೆ 31.5, 43.7, 53.9, 56.7, 63.0, 64.9, 71.6, 76.7, 78.2 ಎಂದು ಒಂಬತ್ತು ಬೇರೆಬೇರೆ ಆವೃತ್ತಿಗಳು ಸಿಗುತ್ತವೆ. ಹಲ್ಲು ಒತ್ತಾಗಿರುವ ಬಾಚಣಿಗೆಯಂತೆ ಇವು ಹರಡಿಕೊಂಡಿರುವುದರಿಂದ ಯಾವುದೋ ಒಂದು ಸ್ವರ ಮಾತ್ರ ಎದ್ದು ಕಾಣುವ ಸಂಭವ ಕಡಿಮೆ. ದೊಡ್ಡ ಕೋಣೆಯಲ್ಲಿ ಮಂದ್ರ ಚೆನ್ನಾಗಿ ಕೇಳಿಸುವುದರ ಗುಟ್ಟು ಇದು. ಹಾಗೆಂದು 20 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಕಟ್ಟಿಸಬೇಡಿ. ಒಂದರ ಎರಡರಷ್ಟು ಇನ್ನೊಂದಾದರೆ ಮತ್ತೆ ಅನುನಾದಗಳು ಒಂದರ ತಲೆಯ ಮೇಲೊಂದು ಬೀಳುತ್ತವೆ. ಎತ್ತರ, ಅಗಲ, ಉದ್ದಗಳು ಸರಳ ಗುಣಕಗಳಲ್ಲಿ ಇರದಿದ್ದರೆ ಒಳ್ಳೆಯದು. ಮನೆಯ ನಕ್ಷೆ ಬರೆಸುವಾಗ ಆಯ ನೋಡುವವರು ಇದನ್ನೂ ನೋಡಿದರೆ ಖರ್ಚೇನೂ ಹೆಚ್ಚುವುದಿಲ್ಲ.

ಕೋಣೆಯ ಆಳ್ವಿಕೆ ಎಲ್ಲಿಯವರೆಗೆ? ಜರ್ಮನಿಯಲ್ಲಿ ಹುಟ್ಟಿದ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಒಂದು ಗಡಿಯನ್ನು ತೋರಿಸಿಕೊಟ್ಟರು. ಅನುರಣನೆಯ ಕಾಲವನ್ನು (ಸೆಕೆಂಡುಗಳಲ್ಲಿ) ಕೋಣೆಯ ಗಾತ್ರದಿಂದ (ಘನ ಮೀಟರುಗಳಲ್ಲಿ) ಭಾಗಿಸಿ, ವರ್ಗಮೂಲ ತೆಗೆದು, 2000ದಿಂದ ಗುಣಿಸಬೇಕು. ಅನುರಣನೆ 0.6 ಸೆಕೆಂಡು ಇದ್ದರೆ, 34 ಘನ ಮೀಟರಿನ ಸಣ್ಣ ಕೋಣೆಗೆ ಈ ಗಡಿ ಸುಮಾರು 265 ಹರ್ಟ್ಸ್. 66 ಘನ ಮೀಟರಿನ ಪಡಸಾಲೆಗೆ ಸುಮಾರು 190. ಗಡಿಗಿಂತ ಮೇಲೆ ನೀವು ಕೇಳುವುದು ಬಹುಮಟ್ಟಿಗೆ ಸ್ಪೀಕರನ್ನು, ಕೆಳಗೆ ಬಹುಮಟ್ಟಿಗೆ ಕೋಣೆಯನ್ನು. ಸಣ್ಣ ಕೋಣೆಯಲ್ಲಿ ಗಾಯಕನ ಷಡ್ಜವೇ ಕೋಣೆಯ ಆಳ್ವಿಕೆಗೆ ಒಳಪಟ್ಟಿರುತ್ತದೆ ಎಂಬುದನ್ನು ಗಮನಿಸಿ.

ಇದೆಲ್ಲ ಗೋಡೆಗಳಿದ್ದರೆ ಮಾತ್ರ. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಂಥ ಕಡೆ ಬಯಲಿನಲ್ಲಿ ಪೆಟ್ಟಿಗೆ ಸ್ಪೀಕರು ಇಟ್ಟರೆ ಎದುರಿಗೆ ಗೋಡೆಯಿಲ್ಲ, ಸ್ಥಿರ ತರಂಗವಿಲ್ಲ. ಅಲ್ಲಿನ ತೊಂದರೆ ಮಂದ್ರ ಸಾಲದಿರುವುದು. ಆದ್ದರಿಂದಲೇ ಅಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಒಟ್ಟುತ್ತಾರೆ. ಜಾತ್ರೆಯ ಆ ಲೆಕ್ಕವನ್ನು ಮನೆಯೊಳಗೆ ತರಬಾರದು.

ದೊಡ್ಡ ವೂಫರು ಏಕೆ ಬೇಕು, ಏಕೆ ಬೇಡ

ಇಂದು ನಾವು ಬಳಸುವ ಸುರುಳಿ ಮತ್ತು ಶಂಕುವಿನ ಸ್ಪೀಕರನ್ನು ಪಳಗಿಸಿ ಪ್ರಕಟಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್, 1925ರಲ್ಲಿ. ಅಂದಿನಿಂದ ಇಂದಿನವರೆಗೆ ಬದಲಾಗದ ಒಂದು ನಿಯಮವಿದೆ. ಆವೃತ್ತಿ ಅರ್ಧವಾದರೆ, ಅಷ್ಟೇ ಶಬ್ದದ ಒತ್ತಡಕ್ಕೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 50 ಹರ್ಟ್ಸ್‌ನಲ್ಲಿ ಶಂಕು 2 ಮಿಲಿಮೀಟರು ಅಲುಗಿದರೆ ಸಾಕಾಗುವಲ್ಲಿ, 25 ಹರ್ಟ್ಸ್‌ನಲ್ಲಿ 8 ಮಿಲಿಮೀಟರು ಅಲುಗಬೇಕು. ಅಷ್ಟು ಅಲುಗಲಾರದಿದ್ದರೆ ಶಂಕುವಿನ ವಿಸ್ತೀರ್ಣ ಹೆಚ್ಚಿಸಬೇಕು. 8 ಇಂಚಿನ ವೂಫರಿನ ವಿಸ್ತೀರ್ಣ 5 ಇಂಚಿನದಕ್ಕಿಂತ ಸುಮಾರು ಎರಡೂವರೆ ಪಟ್ಟು. ಎರಡನ್ನು ಜೋಡಿಸಿದರೆ ಐದು ಪಟ್ಟು. ಗೋಪುರ ಸ್ಪೀಕರುಗಳ ಮೈಕಟ್ಟು ಬಂದಿರುವುದು ಹೀಗೆ.

ಪೆಟ್ಟಿಗೆಯ ಹಿಂದೆಯೋ ಕೆಳಗೋ ಇರುವ ಕೊಳವೆಯನ್ನೂ ನೀವು ನೋಡಿರುತ್ತೀರಿ. ಖಾಲಿ ಕೊಡದ ಬಾಯಿಗೆ ಅಡ್ಡಲಾಗಿ ಊದಿದರೆ ‘ಭೂಂ’ ಎನ್ನುತ್ತದಲ್ಲ, ಅದೇ ತತ್ತ್ವ. ಕೊಳವೆಯ ಗಾಳಿ ತೂಕದಂತೆ, ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ವಿವರಿಸಿದ್ದರು. 50 ಲೀಟರಿನ ಪೆಟ್ಟಿಗೆಗೆ 7 ಸೆಂಟಿಮೀಟರು ವ್ಯಾಸದ, 15 ಸೆಂಟಿಮೀಟರು ಉದ್ದದ ಕೊಳವೆ ಇಟ್ಟರೆ ಅದು ಸುಮಾರು 34 ಹರ್ಟ್ಸ್‌ಗೆ ಮಿಡಿಯುತ್ತದೆ. ಯಾವ ವೂಫರಿಗೆ ಎಷ್ಟು ಪೆಟ್ಟಿಗೆ, ಎಷ್ಟು ಕೊಳವೆ ಎಂಬ ಅಂದಾಜಿನ ಕೆಲಸವನ್ನು ಗಣಿತಕ್ಕೆ ತಂದವರು ಆಸ್ಟ್ರೇಲಿಯದ ನೆವಿಲ್ ಥೀಲ್ (1961), ಅವರ ನಂತರ ಸಿಡ್ನಿಯಲ್ಲಿದ್ದು ಇದನ್ನು ಮುಂದುವರಿಸಿದ ರಿಚರ್ಡ್ ಸ್ಮಾಲ್.

ಕೊಳವೆಯಿರುವ ಪೆಟ್ಟಿಗೆ ತನ್ನ ಗಡಿಯವರೆಗೆ ಮಂದ್ರವನ್ನು ಬಲವಾಗಿ ಕೊಟ್ಟು ಆಮೇಲೆ ಥಟ್ಟನೆ, ಸಪ್ತಕಕ್ಕೆ 24 ಡೆಸಿಬೆಲ್‌ನಂತೆ, ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆ ಮೊದಲೇ ಕಡಿಮೆಯಾಗತೊಡಗಿದರೂ 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ. ಸಣ್ಣ ಕೋಣೆಯಲ್ಲಿ ಈ ಎರಡನೆಯದಕ್ಕೆ ಒಂದು ಲಾಭವಿದೆ. ಕೋಣೆಯ ಅತಿ ಕೆಳಗಿನ ಅನುನಾದಕ್ಕಿಂತ ಕೆಳಗೆ ಇಡೀ ಕೋಣೆಯ ಗಾಳಿ ಒಟ್ಟಾಗಿ ಒತ್ತಲ್ಪಡುತ್ತದೆ, ಪಂಪಿನೊಳಗಿನ ಗಾಳಿಯಂತೆ. ಬಾಗಿಲು ಕಿಟಕಿ ಭದ್ರವಾಗಿದ್ದರೆ ಒತ್ತಡ ಸಪ್ತಕಕ್ಕೆ 12 ಡೆಸಿಬೆಲ್‌ವರೆಗೆ ಏರಬಹುದು. ಪೆಟ್ಟಿಗೆ ಬಿಟ್ಟುಕೊಟ್ಟದ್ದನ್ನು ಕೋಣೆ ತುಂಬಿಕೊಡುತ್ತದೆ. ನಮ್ಮ ಮನೆಗಳ ಕಿಟಕಿ ಬಾಗಿಲುಗಳು ಅಷ್ಟು ಭದ್ರವಾಗಿರುವುದಿಲ್ಲವಾದ್ದರಿಂದ ಪೂರ್ತಿ ಲಾಭ ಸಿಗದು, ಒಂದಿಷ್ಟು ಸಿಗುತ್ತದೆ. ಅದೇ ಕೋಣೆಯಲ್ಲಿ 28 ಹರ್ಟ್ಸ್‌ವರೆಗೆ ಬಲವಾಗಿ ಹೋಗುವ ಗೋಪುರ ಇಟ್ಟರೆ ಕೋಣೆಯ ಕೊಡುಗೆ ಅದರ ಮೇಲೆ ಹೇರಿಕೆಯಾಗುತ್ತದೆ.

ಇಲ್ಲಿ ತುತ್ತೂರಿಯ ಮಾತು. ಖಯಾಲ್, ವಚನ, ದಾಸರ ಪದಗಳಲ್ಲಿ 28 ಹರ್ಟ್ಸ್ ಎಲ್ಲಿದೆ? ತಂಬೂರಿಯ ಖರಜ 69 ಹರ್ಟ್ಸ್‌ನ ಆಸುಪಾಸು. ಡಗ್ಗದ ತಳ ಅದರ ನೆರೆಹೊರೆಯಲ್ಲಿ. ಗಾಯಕನ ದನಿ ಅದಕ್ಕಿಂತ ಮೇಲೆ. 50 ಹರ್ಟ್ಸ್‌ವರೆಗೆ ಸರಿಯಾಗಿ ನುಡಿಯುವ ಸ್ಪೀಕರು ಇಂಥ ಸಂಗೀತಕ್ಕೆ ಏನನ್ನೂ ಕಳೆಯುವುದಿಲ್ಲ. ಪಿಯಾನೋದ ಕೊನೆಯ ಮನೆ 27.5 ಹರ್ಟ್ಸ್, ಚರ್ಚಿನ ಆರ್ಗನ್, ಈಗಿನ ಸಿನಿಮಾದ ಗುಡುಗು ಸದ್ದುಗಳು ಇನ್ನೂ ಕೆಳಗೆ ಹೋಗುತ್ತವೆ. ಅವು ನಿಮ್ಮ ರುಚಿಯಾದರೆ ಲೆಕ್ಕ ಬೇರೆ. ಇಲ್ಲವಾದರೆ ಆ ಕೊನೆಯ ಒಂದು ಸಪ್ತಕಕ್ಕೇ ಬೆಲೆಯ ದೊಡ್ಡ ಪಾಲು ಹೋಗುತ್ತದೆ, ಕೊಂಡದ್ದು ಗುಂಯ್‌ಗುಡುವಿಕೆಯಾಗಿ ತಿರುಗಿ ಬರುತ್ತದೆ.

ವಾಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರು ಸಾಮಾನ್ಯ. ಜೋಡಿಗೆ 3 ಡೆಸಿಬೆಲ್ ಕೂಡಿಸಿ, ಎರಡೂವರೆ ಮೀಟರು ದೂರಕ್ಕೆ ಗೋಡೆಗಳ ಪ್ರತಿಫಲನವನ್ನೂ ಗಣಿಸಿ 5 ಕಳೆಯಿರಿ: 85. ಮನೆಯಲ್ಲಿ ಕೇಳುವ ಸರಾಸರಿ 75, ತಾನಿನ ಏರು ಮತ್ತು ತಬಲಾದ ಹೊಡೆತಕ್ಕೆ ಇನ್ನೊಂದು 20 ಡೆಸಿಬೆಲ್ ಬಿಟ್ಟರೆ 95. ಆ 10 ಡೆಸಿಬೆಲ್ ವ್ಯತ್ಯಾಸಕ್ಕೆ ಸ್ಪೀಕರು ಒಂದಕ್ಕೆ 10 ವಾಟು ಸಾಕು. 200 ವಾಟು ಎಂಬ ಅಂಕಿ ಮನೆಯ ಪಡಸಾಲೆಯಲ್ಲಿ ಕೆಲಸಕ್ಕೆ ಬರುವುದು ಬಲು ಅಪರೂಪ.

ಎಲ್ಲಿ ಇಡಬೇಕು, ಎಲ್ಲಿ ಕೂರಬೇಕು

ಗೋಡೆಗೆ ಒತ್ತರಿಸಿ ಇಟ್ಟ ಸ್ಪೀಕರಿನ ಮಂದ್ರ 6 ಡೆಸಿಬೆಲ್‌ವರೆಗೆ ಹೆಚ್ಚುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು. ಹಾಗಾದರೆ ಮುಂದಕ್ಕೆ ಎಳೆದರಾಯಿತೆ? ಎಳೆದರೆ ಇನ್ನೊಂದು ತೊಡಕು. ಹಿಂದಿನ ಗೋಡೆಗೆ ಹೋಗಿ ಮರಳುವ ಅಲೆ ಅರ್ಧ ತರಂಗದೂರದಷ್ಟು ತಡವಾಗಿ ಬಂದರೆ ಮುಂದಿನ ಅಲೆಯನ್ನು ಅಳಿಸುತ್ತದೆ. ಶಬ್ದದ ವೇಗವನ್ನು ಗೋಡೆಯ ದೂರದ ನಾಲ್ಕರಷ್ಟರಿಂದ ಭಾಗಿಸಿದರೆ ಅಳಿಯುವ ಆವೃತ್ತಿ ಸಿಗುತ್ತದೆ. ಶಂಕುವಿನಿಂದ ಗೋಡೆಗೆ 2 ಅಡಿ ಇದ್ದರೆ ಅದು ಸುಮಾರು 142 ಹರ್ಟ್ಸ್. ಕರಿ ಒಂದರ ಷಡ್ಜ 138.6 ಎಂದೆವಲ್ಲ, ಗಾಯಕ ಷಡ್ಜಕ್ಕೆ ಬಂದಾಗಲೆಲ್ಲ ದನಿ ಬಡವಾಗುತ್ತದೆ! 3 ಅಡಿಗೆ ಎಳೆಯಿರಿ, ತಗ್ಗು ಸುಮಾರು 95 ಹರ್ಟ್ಸ್‌ಗೆ ಇಳಿಯುತ್ತದೆ. 10-12 ಅಡಿಯ ಕೋಣೆಯಲ್ಲಿ ಭಾರಿ ಗೋಪುರಗಳನ್ನು ಮೂರಡಿ ಮುಂದಕ್ಕೆ ಇಟ್ಟರೆ ನೀವು ಕೂರುವುದಕ್ಕೆ ಉಳಿಯುವುದೆಷ್ಟು? ಅಲ್ಲಿಗೆ ಸ್ಪೀಕರೇ ಕೋಣೆಯ ಯಜಮಾನ, ನೀವು ಅತಿಥಿ.

ಕೂರುವ ಜಾಗಕ್ಕೂ ಲೆಕ್ಕವಿದೆ. ಮೊದಲ ಅನುನಾದದಲ್ಲಿ ಗೋಡೆಗಳ ಬಳಿ ಒತ್ತಡ ಅತಿ ಹೆಚ್ಚು, ಕೋಣೆಯ ನಡುಮಧ್ಯದಲ್ಲಿ ಸೊನ್ನೆ. ಹಿಂದಿನ ಗೋಡೆಗೆ ತಲೆಯಾನಿಸಿ ಕುಳಿತವರಿಗೆ 47 ಹರ್ಟ್ಸ್ ವಿಪರೀತ. ನಟ್ಟನಡುವೆ ಕುಳಿತವರಿಗೆ ಅದು ಇಲ್ಲವೇ ಇಲ್ಲ. ಹಿಂದಿನ ಗೋಡೆಯಿಂದ ಉದ್ದದ ಮೂರನೆಯ ಒಂದು ಭಾಗ ಮುಂದೆ ಕುಳಿತರೆ ಮೊದಲ ಎರಡು ಅನುನಾದಗಳೂ ಅರ್ಧಕ್ಕೆ ಇಳಿಯುತ್ತವೆ.

ನಮ್ಮಲ್ಲಿ ಜಮಖಾನೆ ಹಾಸಿ ನೆಲದ ಮೇಲೆ ಕುಳಿತು ಹಾಡು ಕೇಳುವ ರೂಢಿಯೂ ಇದೆ. ಆಗ ಕಿವಿ ಸುಮಾರು 80 ಸೆಂಟಿಮೀಟರು ಎತ್ತರದಲ್ಲಿ ಇರುತ್ತದೆ. ಕುರ್ಚಿಯಲ್ಲಿ ಕುಳಿತವರಿಗೆಂದು ಮಾಡಿದ ಗೋಪುರದ ಟ್ವೀಟರು ಒಂದು ಮೀಟರಿನ ಆಸುಪಾಸಿನಲ್ಲಿ. ಎರಡೂವರೆ ಮೀಟರು ದೂರದಲ್ಲಿ ಈ ವ್ಯತ್ಯಾಸ ಐದು ಡಿಗ್ರಿಗಿಂತ ಕಡಿಮೆ, ಚಿಂತೆಯಿಲ್ಲ. ಒಂದೂವರೆ ಮೀಟರಿಗೆ ಬಂದರೆ ಎಂಟು ಹತ್ತು ಡಿಗ್ರಿಯಾಗುತ್ತದೆ. ಟ್ವೀಟರು ಮತ್ತು ಅದರ ಕೆಳಗಿನ ಶಂಕುವಿನ ಅಲೆಗಳು ಎರಡೂವರೆ ಸೆಂಟಿಮೀಟರಿನಷ್ಟು ಹಿಂದುಮುಂದಾಗಿ ಬರುತ್ತವೆ. 3000 ಹರ್ಟ್ಸ್‌ನ ತರಂಗದೂರವೇ ಹನ್ನೊಂದೂವರೆ ಸೆಂಟಿಮೀಟರು. ಅಕಾರದ ಹೊಳಪು ಮಂಕಾಗಲು ಅಷ್ಟು ಸಾಕು. ಮೂರು ನಾಲ್ಕು ಶಂಕುಗಳ ಗೋಪುರದ ದನಿಗಳು ಒಂದಾಗಿ ಬೆರೆಯಲು ಎರಡೂವರೆ ಮೂರು ಮೀಟರು ದೂರ ಬೇಕೇಬೇಕು. ಸ್ಟ್ಯಾಂಡಿನ ಮೇಲಿಡುವ ಎರಡೇ ಶಂಕುಗಳ ಸಣ್ಣ ಪೆಟ್ಟಿಗೆಯಾದರೆ ಹತ್ತಿರದಿಂದಲೂ ಕೇಳಬಹುದು, ಸ್ಟ್ಯಾಂಡನ್ನು ಕಿವಿಯ ಎತ್ತರಕ್ಕೆ ತಗ್ಗಿಸಲೂಬಹುದು.

ಕೌದಿಯ ಕೆಲಸ, ಬಾಗಿಲಿನ ಕೆಲಸ

ಮೊದಲ ಚಪ್ಪಾಳೆಗೆ ಬರೋಣ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಫಾಗ್ ಕಟ್ಟಡದ ಉಪನ್ಯಾಸ ಕೊಠಡಿಯಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಕೆಲಸ ಬಿದ್ದದ್ದು ವ್ಯಾಲೆಸ್ ಸಬೈನ್ ಎಂಬ ಎಳೆಯ ಭೌತಶಾಸ್ತ್ರ ಅಧ್ಯಾಪಕನ ಮೇಲೆ. ಆತ ರಾತ್ರಿ ಊರು ಮಲಗಿದ ಮೇಲೆ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡುತ್ತಿದ್ದ. ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ದನಿ ಅಡಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯುತ್ತಿದ್ದ. ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸು ಇಡಬೇಕು! ಅವನ ಸೂತ್ರ ಇಂದಿಗೂ ನಿಂತಿದೆ: ಅನುರಣನೆಯ ಕಾಲ = 0.161 × ಕೋಣೆಯ ಗಾತ್ರ ÷ ಒಟ್ಟು ಹೀರಿಕೆ. ಹೀರಿಕೆಯ ಮಾನ ತೆರೆದ ಕಿಟಕಿ. ಒಂದು ಚದರ ಮೀಟರು ತೆರೆದ ಕಿಟಕಿ ಎಂದರೆ ಒಂದು ಅಂಶ, ಏಕೆಂದರೆ ಅಲ್ಲಿಂದ ಹೊರಬಿದ್ದ ಸದ್ದು ಮರಳುವುದಿಲ್ಲ.

ನಿಮ್ಮ ಸಣ್ಣ ಕೋಣೆಯ ಗೋಡೆ, ನೆಲ, ಛಾವಣಿ ಸೇರಿ 63 ಚದರ ಮೀಟರು. ಸಿಮೆಂಟ್ ಗಿಲಾವು, ಹೊಳೆಯುವ ಟೈಲ್ಸ್ ಎರಡೂ ನೂರರಲ್ಲಿ ಎರಡು ಮೂರು ಪಾಲು ಮಾತ್ರ ಹೀರುತ್ತವೆ. ಒಟ್ಟು ಹೀರಿಕೆ 1.6 ಎನ್ನಿ. ಅನುರಣನೆ 3.4 ಸೆಕೆಂಡು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಕಲ್ಲಿನ ಮಂಟಪದಲ್ಲಿ ನಿಂತು ದನಿ ತೆಗೆದು ನೋಡಿ, ಗಟ್ಟಿ ಮೇಲ್ಮೈ ಏನು ಮಾಡುತ್ತದೆಂದು ತಿಳಿಯುತ್ತದೆ. ಈಗ ಕೋಣೆಗೆ ಸಾಮಾನು ತನ್ನಿ. ಗೋಡೆಯಿಂದ ಎರಡಿಂಚು ಬಿಟ್ಟು ತೂಗುಹಾಕಿದ ಎರಡು ದಪ್ಪ ಕೌದಿಗಳಿಗೆ 3 ಅಂಶ, ಅರಳೆಯ ಗಾದಿಗೆ ಒಂದೂವರೆ, ಜಮಖಾನೆಗೆ 1, ಪುಸ್ತಕದ ಕಪಾಟಿಗೆ 1, ಕುಳಿತ ಇಬ್ಬರಿಗೆ 1. ಇವು ಅಂದಾಜು. ಒಟ್ಟು 9.1 ಆಯಿತು. ಅನುರಣನೆ 0.6 ಸೆಕೆಂಡಿಗೆ ಇಳಿಯಿತು. ಅಜ್ಜಿ ಹೊಲಿದ ಕೌದಿ ಲಕ್ಷ ರೂಪಾಯಿಯ ಸ್ಪೀಕರಿನ ಅರ್ಧ ಕೆಲಸ ಮಾಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಗದಗ ಹತ್ತಿಯ ಪೇಟೆ. ಮರದ ಚೌಕಟ್ಟಿಗೆ ನಾಲ್ಕಿಂಚು ದಪ್ಪ ಅರಳೆ ತುಂಬಿ ಬಟ್ಟೆ ಹೊಲಿದು ಗೋಡೆಯಿಂದ ಇನ್ನೊಂದು ನಾಲ್ಕಿಂಚು ಬಿಟ್ಟು ನಿಲ್ಲಿಸಿದರೆ 200 ಹರ್ಟ್ಸ್‌ವರೆಗೂ ಒಂದಿಷ್ಟು ಉಪಯೋಗವಾದೀತು. ಅರಳೆಗೆ ಬೆಂಕಿ ಬೇಗ ಹತ್ತುತ್ತದೆ, ತಂತಿಗಳಿಂದಲೂ ದೇವರ ದೀಪದಿಂದಲೂ ದೂರವಿಡಿ.

ಆದರೆ ಕೌದಿ ಮಂದ್ರವನ್ನು ಹೀರದು. ಬಟ್ಟೆ, ಹತ್ತಿ ಇವು ಕೆಲಸ ಮಾಡುವುದು ಗಾಳಿಯ ಕಣಗಳು ಹೆಚ್ಚು ಓಡಾಡುವ ಕಡೆ, ಅಂದರೆ ಗೋಡೆಯಿಂದ ಕಾಲು ತರಂಗದೂರದಷ್ಟು ಆಚೆ. 57 ಹರ್ಟ್ಸ್‌ಗೆ ಅದು ಒಂದೂವರೆ ಮೀಟರು! ಅಷ್ಟು ದಪ್ಪ ಕೌದಿ ಯಾರೂ ಹೊಲಿದಿಲ್ಲ. ಎಷ್ಟೋ ಮನೆಗಳಲ್ಲಿ ಪರದೆ, ಗಂಬಳಿ ಎಲ್ಲ ಹಾಕಿದ ಮೇಲೆ ತಾರಸ್ಥಾಯಿ ಸತ್ತು ಗುಂಯ್‌ಗುಡುವಿಕೆ ಹಾಗೆಯೇ ಉಳಿಯುವುದು ಇದರಿಂದಲೇ. ಮಂದ್ರವನ್ನು ಸ್ವಲ್ಪವಾದರೂ ತಿನ್ನುವವು ಅಲುಗುವ ತೆಳು ಹಲಗೆಗಳು, ಪ್ಲೈವುಡ್ಡಿನ ಕಪಾಟಿನ ಬಾಗಿಲಿನಂಥವು. ಎಲ್ಲಕ್ಕಿಂತ ಹೆಚ್ಚಾಗಿ, ತೆರೆದ ಬಾಗಿಲು. ಹಳೆಯ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ರೇಡಿಯೊ ಹಿತವಾಗಿ ಕೇಳುತ್ತಿದ್ದುದಕ್ಕೆ ಮಣ್ಣಿನ ಗೋಡೆಯೇ ಕಾರಣವೆಂದು ಹೇಳುವವರಿದ್ದಾರೆ. ಮಣ್ಣಿನ ಗಿಲಾವು ತಾರಸ್ವರಗಳನ್ನು ಸ್ವಲ್ಪ ಹೀರುವುದು ನಿಜ. ಮಂದ್ರದ ಮಟ್ಟಿಗೆ ಎರಡಡಿ ದಪ್ಪದ ಮಣ್ಣಿನ ಗೋಡೆ ಕಾಂಕ್ರೀಟಿಗಿಂತ ಹೆಚ್ಚೇನೂ ಮಾಡದು. ಪಡಸಾಲೆ ಒಂದು ಕಡೆ ಅಡುಗೆಮನೆಗೆ, ಇನ್ನೊಂದು ಕಡೆ ಕಟ್ಟೆಗೆ ತೆರೆದುಕೊಂಡಿರುತ್ತಿದ್ದುದು ಮುಖ್ಯ ಕಾರಣ ಎಂದು ನನ್ನ ಎಣಿಕೆ.

ಇವನ್ನೆಲ್ಲ ನಂಬಬೇಕಿಲ್ಲ, ಅಳೆಯಬಹುದು. ಮೊಬೈಲಿನಲ್ಲಿ ‘ಫೈಫಾಕ್ಸ್’ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ; ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಶಾಲಾಪ್ರಯೋಗಗಳಿಗೆಂದೇ ಮಾಡಿದ್ದು. ಅದರಲ್ಲಿ ಸ್ವರ ಹುಟ್ಟಿಸುವ ಸಾಧನವೂ ಸ್ವರವನ್ನು ವಿಶ್ಲೇಷಿಸುವ ಸಾಧನವೂ ಇವೆ. ಮೊಬೈಲನ್ನು ಆಂಪ್ಲಿಫೈಯರಿಗೆ ಜೋಡಿಸಿ, ದನಿ ಸಣ್ಣಗಿಟ್ಟು, 40ರಿಂದ 100 ಹರ್ಟ್ಸ್‌ವರೆಗೆ ಒಂದೊಂದೇ ಹರ್ಟ್ಸ್ ಏರಿಸುತ್ತ ಹೋಗಿ. ನೀವು ಕಾಗದದ ಮೇಲೆ ಲೆಕ್ಕ ಹಾಕಿದ ಆವೃತ್ತಿಗಳ ಸಮೀಪ ಕೋಣೆ ಗುಡುಗುತ್ತದೆ. ಗುಡುಗುವ ಸ್ವರವನ್ನು ಹಾಗೆಯೇ ಬಿಟ್ಟು ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆಯಿರಿ. ನಡುವೆ ದನಿ ಅಡಗಿ ಮತ್ತೆ ಏಳುತ್ತದೆ. ನಿಸ್ಪಂದ, ಪ್ರಸ್ಪಂದಗಳನ್ನು ಮಕ್ಕಳು ಕಿವಿಯಿಂದಲೇ ಕಾಣಲು ಇದಕ್ಕಿಂತ ಸುಲಭದ ಪ್ರಯೋಗವಿಲ್ಲ. ಸಣ್ಣ ಸ್ಪೀಕರಿಗೆ ಮಂದ್ರದ ಸ್ವರವನ್ನು ಜೋರಾಗಿ ಕೊಡಬೇಡಿ, ಶಂಕು ಹರಿದೀತು. ಮೊಬೈಲಿನ ಮೈಕು ಮಂದ್ರದಲ್ಲಿ ಮಂದ, ಆದ್ದರಿಂದ ಅದು ತೋರಿಸುವ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಬಳಸಿ.

ಮತ್ತೆ ಏನು ಕೊಳ್ಳಬೇಕು? 10-12 ಅಡಿಯ ಕೋಣೆಗೆ ನೆಲದ ಮೇಲೆ ನಿಲ್ಲುವ ದೊಡ್ಡ ಗೋಪುರ ಬೇಡ. 5 ಅಥವಾ 6 ಇಂಚಿನ ಒಂದೇ ವೂಫರಿನ, ಸಾಧ್ಯವಾದರೆ ಮುಚ್ಚಿದ ಪೆಟ್ಟಿಗೆಯ ಜೋಡಿಯೊಂದನ್ನು ಗಟ್ಟಿ ಸ್ಟ್ಯಾಂಡಿನ ಮೇಲಿಡಿ. 13-18 ಅಡಿಯ ಪಡಸಾಲೆಗೆ, ಅದೂ ಅಡುಗೆಮನೆಯ ಕಡೆಗೆ ಬಾಗಿಲಿಲ್ಲದ ಕಮಾನು ಇದ್ದರೆ, ಆರೂವರೆ ಇಂಚಿನ ಒಂದೆರಡು ವೂಫರುಗಳ ನಡುಗಾತ್ರದ ಗೋಪುರ ಸಲ್ಲುತ್ತದೆ. 8 ಇಂಚಿನ ಜೋಡಿ ವೂಫರುಗಳಿಗೆ 20-30 ಅಡಿಯ ಸಭಾಂಗಣದಂಥ ಜಾಗ ಬೇಕು. ಎತ್ತರವೇ ದೋಷವಲ್ಲ. 5 ಇಂಚಿನ ಶಂಕುವಿನ ತೆಳ್ಳನೆಯ ಗೋಪುರಗಳೂ ಇವೆ. ಸ್ಟ್ಯಾಂಡಿನ ಮೇಲಿನ ಪೆಟ್ಟಿಗೆ ಹಿಡಿಯುವಷ್ಟೇ ಜಾಗ ಹಿಡಿಯುತ್ತವೆ, ಸಣ್ಣ ಕೋಣೆಗೂ ಆದಾವು. ನೋಡಬೇಕಾದದ್ದು ಶಂಕುವಿನ ವಿಸ್ತೀರ್ಣ ಮತ್ತು ಕೆಳಗಿನ ಗಡಿ.

ಆಗಲೇ ದೊಡ್ಡದನ್ನು ಕೊಂಡುಬಿಟ್ಟವರು ಕಂಗೆಡಬೇಕಿಲ್ಲ. ಗೋಪುರವನ್ನು ಪಡಸಾಲೆಗೆ ಸ್ಥಳಾಂತರಿಸಿ. ಅದಾಗದಿದ್ದರೆ ಹಿಂದಿನ ಕೊಳವೆಗೆ ಹಳೆಯ ಕಾಲುಚೀಲವನ್ನು ಸುತ್ತಿ ತುರುಕಿ, ಕೊಳವೆ ಮುಚ್ಚಿ ಮಂದ್ರ ತಗ್ಗುತ್ತದೆ. ಕೆಲವು ಕಂಪನಿಗಳು ಇದಕ್ಕೆಂದೇ ಸ್ಪಂಜಿನ ಬಿರಡೆಯನ್ನು ಜೊತೆಗೆ ಕೊಡುತ್ತವೆ, ಖೋಕಾದಲ್ಲಿ ಹುಡುಕಿ ನೋಡಿ. ಈಗಿನ ಆಂಪ್ಲಿಫೈಯರುಗಳಲ್ಲಿ ಮೈಕು ಇಟ್ಟು ಕೋಣೆಯನ್ನು ಅಳೆದು ಉಬ್ಬುಗಳನ್ನು ತಗ್ಗಿಸುವ ಏರ್ಪಾಡು ಇರುತ್ತದೆ. ಅದು ಉಬ್ಬನ್ನು ಕತ್ತರಿಸಬಲ್ಲದು. ಅಲೆಗಳು ಅಳಿದು ಆದ ತಗ್ಗನ್ನು ತುಂಬಲಾರದು, ಎಷ್ಟು ಸುರಿದರೂ ಅಷ್ಟೂ ಅಳಿಯುತ್ತದೆ. ಕೊನೆಗೆ ಬಾಗಿಲನ್ನೂ ಕಿಟಕಿಯನ್ನೂ ತೆರೆದಿಟ್ಟು ಕೇಳಿ. ಒಳಗಿನ ಮಂದ್ರ ತಿಳಿಯಾಗುತ್ತದೆ. ಹೊರಗೆ ಹೋದದ್ದು ಪಕ್ಕದ ಮನೆಯ ಗೋಡೆಗೆ ಬಡಿಯುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಅಲ್ಲಿದ್ದರೆ ರಾತ್ರಿ ಒಂಬತ್ತರ ಮೇಲೆ ಕಿಟಕಿ ಮುಚ್ಚಿ, ದನಿ ಇಳಿಸಿ.